ಇಪ್ಪತ್ತೊಂಬತ್ತು ಅಂಕಗಳ ಒಂದು ರಾಶಿ

(ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)

  

ನಮ್ಮ ಶ್ರುತವನ್ನು ನಾಲ್ಕು ಅನುಯೋಗಗಳಾಗಿ ವಿಂಗಡಿಸಿರುವುದು ತಮಗೆಲ್ಲ ವಿದಿತವೇ ಆಗಿದೆ. ಪ್ರಥಮಾನುಯೋಗದ ಪುಣ್ಯಕಥೆಗಳನ್ನು ಕೇಳಿ ನಾವು ತಣಿಯುತ್ತೇವೆ. ಚರಣಾನುಯೋಗದಂತೆ ನಡೆಯಲು ಶಕ್ತ್ಯನುಸಾರ ಯತ್ನಿಸುತ್ತೇವೆ. ದ್ರವ್ಯಾನುಯೋಗದ ವಿಷಯದಲ್ಲಿ ಚರ್ಚೆಗೂ ಕುಳಿತುಕೊಳ್ಳುತ್ತೇವೆ. ಆದರೆ ಕರಣಾನುಯೋಗದ ಲೆಕ್ಕ ಎದುರಾದೊಡನೆ ಗ್ರಂಥಕ್ಕೆ ಕೈಮುಗಿದು ಮುಂದಿನ ಪುಟಕ್ಕೆ ಹೋಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಈ ರೂಢಿಯಿಂದ ನಮಗಾಗುತ್ತಿರುವ ನಷ್ಟವೇನು ಎಂಬುದನ್ನು ಒಂದೇ ಒಂದು ಸಂಖ್ಯೆಯನ್ನು ಮುಂದಿಟ್ಟುಕೊಂಡು ತಮ್ಮೊಡನೆ ವಿಚಾರ ಮಾಡಬೇಕೆಂಬುದು ಈ ಉಪನ್ಯಾಸದ ಉದ್ದೇಶ.

ಆ ಸಂಖ್ಯೆ ಇದು:

79,22,81,62,51,42,64,33,75,93,54,39,50,336

ಎಣಿಸಿದರೆ ಇಪ್ಪತ್ತೊಂಬತ್ತು ಅಂಕಗಳು. ಸಿದ್ಧಾಂತಚಕ್ರವರ್ತಿ ನೇಮಿಚಂದ್ರಾಚಾರ್ಯರು ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವೆಂದು ಹೇಳಿರುವ ರಾಶಿ ಇದೇ. ಶ್ರವಣಬೆಳಗೊಳದಲ್ಲಿ ಬಾಹುಬಲಿ ಸ್ವಾಮಿಯ ಮಹಾಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗೆ ಗೊಮ್ಮಟನೆಂಬ ಹೆಸರಿದ್ದುದರಿಂದಲೇ ಆ ಗ್ರಂಥಕ್ಕೆ ಗೊಮ್ಮಟಸಾರವೆಂಬ ಹೆಸರು ಬಂದಿತು. ಹೀಗೆ ಈ ಸಂಖ್ಯೆಗೂ ನಮ್ಮ ನಾಡಿಗೂ ಸಾವಿರ ವರ್ಷಗಳಿಗಿಂತ ಹೆಚ್ಚಿನ ನಂಟು ಉಂಟು.

ಇಷ್ಟು ದೊಡ್ಡ ಸಂಖ್ಯೆಯನ್ನು ಬಾಯಲ್ಲಿ ಹೇಳುವುದು ಹೇಗೆ? ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ನಮ್ಮ ರಾಶಿಗೆ 29 ಸ್ಥಾನಗಳಿರುವುದರಿಂದ ಆ ಹೆಸರುಗಳು ಇಲ್ಲಿ ಸಾಲುವುದಿಲ್ಲ. ಆದುದರಿಂದ ಆಚಾರ್ಯರು ಸಂಖ್ಯೆಯ ಹೆಸರನ್ನು ಹೇಳುವುದಕ್ಕೆ ಬದಲಾಗಿ ಅದು ಹುಟ್ಟುವ ರೀತಿಯನ್ನು ಹೇಳಿದರು. ಐದನೆಯ ಕೃತಿಯ ಘನ ಎಂಬುದೇ ಅವರ ಸಂಕ್ಷಿಪ್ತ ನಿರೂಪಣೆ. ಕೃತಿಯೆಂದರೆ ವರ್ಗ.

ಇದನ್ನು ಬಿಡಿಸಿ ನೋಡೋಣ. ಎರಡರಿಂದ ಆರಂಭಿಸಿ, ಬಂದ ಫಲವನ್ನು ಅದರಿಂದಲೇ ಗುಣಿಸುತ್ತ ಹೋಗಬೇಕು. ಈ ಸಾಲಿಗೆ ದ್ವಿರೂಪವರ್ಗಧಾರೆ ಎಂದು ಹೆಸರು. ಎರಡರ ವರ್ಗ 4, ಇದು ಮೊದಲನೆಯದು. ನಾಲ್ಕರ ವರ್ಗ 16; ಎರಡನೆಯದು. ಹದಿನಾರರ ವರ್ಗ 256, ಮೂರನೆಯದು. ಅದರ ವರ್ಗ 65,536, ನಾಲ್ಕನೆಯದು. ಇದರ ಮೊದಲೆರಡು ಅಂಕಗಳು ಅರುವತ್ತೈದಾದುದರಿಂದ ಪ್ರಾಕೃತದಲ್ಲಿ ಇದನ್ನು ಪಣ್ಣಟ್ಠಿ ಎಂದರು. ಪಣ್ಣಟ್ಠಿಯ ವರ್ಗ 4,29,49,67,296. ಇದು ಐದನೆಯದು, ನಲವತ್ತೆರಡರಿಂದ ಆರಂಭವಾಗುವ ಕಾರಣ ಬಾದಾಲ. ಬಾದಾಲದ ವರ್ಗ 1,84,46,74,40,73,70,95,51,616. ಆರನೆಯದು, ಒಂದು ಮತ್ತು ಎಂಟರಿಂದ ಆರಂಭವಾಗುವ ಏಕಟ್ಠಿ. ದೊಡ್ಡ ಸಂಖ್ಯೆಗಳನ್ನು ಮನೆಯ ಮಕ್ಕಳಂತೆ ಹೆಸರಿಟ್ಟು ಕರೆದ ಈ ಸಲುಗೆ ಎಷ್ಟು ಸೊಗಸಾದುದು! ಈಗ ಬಾದಾಲವನ್ನು ಮೂರು ಸಲ ಇಟ್ಟು ಗುಣಿಸಿದರೆ, ಅಂದರೆ ಅದರ ಘನವನ್ನು ಮಾಡಿದರೆ, ನಾನು ಮೊದಲು ಹೇಳಿದ ಇಪ್ಪತ್ತೊಂಬತ್ತು ಅಂಕಗಳ ರಾಶಿ ದೊರೆಯುತ್ತದೆ.

ಇಲ್ಲಿ ಒಂದು ಸಂತೋಷದ ಸಂಗತಿಯನ್ನು ಗಮನಿಸಬೇಕು. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಅನುಯೋಗದ್ವಾರ ಸೂತ್ರವೂ ಮನುಷ್ಯರ ಜಘನ್ಯ ಪ್ರಮಾಣವನ್ನು ಹೇಳುವಾಗ ಇಪ್ಪತ್ತೊಂಬತ್ತು ಸ್ಥಾನಗಳ ರಾಶಿಯನ್ನೇ ಹೇಳುತ್ತದೆ. ಅಲ್ಲಿಯ ನಿರೂಪಣೆ ಬೇರೆ: ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಬೇಕು ಎಂದು. ಕೇಳುವುದಕ್ಕೆ ಎರಡು ಮಾತುಗಳು, ಲೆಕ್ಕಹಾಕಿದರೆ ಒಂದೇ. ಆರನೆಯ ವರ್ಗವಾದ ಏಕಟ್ಠಿಯು ಬಾದಾಲವನ್ನು ಎರಡು ಸಲ ಇಟ್ಟು ಗುಣಿಸಿದುದಷ್ಟೆ. ಅದನ್ನು ಮತ್ತೊಮ್ಮೆ ಬಾದಾಲದಿಂದ ಗುಣಿಸಿದರೆ ಬಾದಾಲದ ಘನವೇ ಆಯಿತು. ಎರಡು ಪರಂಪರೆಗಳು ಎರಡು ದಾರಿಗಳಲ್ಲಿ ನಡೆದು ಕೊನೆಯ ಅಂಕದವರೆಗೂ ಒಂದೇ ಕಡೆ ಬಂದು ಸೇರಿರುವುದು, ಲೆಕ್ಕ ಮಾಡಿದವನಿಗೆ ಮಾತ್ರ ಕಾಣುವ ಐಕಮತ್ಯವಾಗಿದೆ.

ಇನ್ನು ಈ ಸಂಖ್ಯೆಯ ಗುಣಗಳಿಗೆ ಬರೋಣ. ಅನುಯೋಗದ್ವಾರವು ಇದನ್ನು ಮತ್ತೊಂದು ಬಗೆಯಲ್ಲಿಯೂ ಹೇಳುತ್ತದೆ: ತೊಂಬತ್ತಾರು ಛೇದಗಳನ್ನು ಕೊಡುವ ರಾಶಿ. ಎಂದರೆ ಅರ್ಧ, ಅದರ ಅರ್ಧ, ಮತ್ತೂ ಅದರ ಅರ್ಧ ಎಂದು ಮಾಡುತ್ತ ಹೋದರೆ ಎಲ್ಲಿಯೂ ಭಿನ್ನ ಬಾರದೆ ಸರಿಯಾಗಿ 96ನೆಯ ಸಲಕ್ಕೆ ಒಂದು ಉಳಿಯುತ್ತದೆ. ಇದಕ್ಕೆ ಅರ್ಧಚ್ಛೇದ ಎಂದು ಹೆಸರು. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದರೆಂದು ವಿದ್ವಾಂಸರು ಹೇಳುವ ಧವಲಾ ಟೀಕೆಯಲ್ಲಿ ಅರ್ಧಚ್ಛೇದಗಳ ನಿಯಮಗಳನ್ನು ಸ್ಪಷ್ಟವಾಗಿ ಬಳಸಿದ್ದಾರೆ. ಎರಡು ರಾಶಿಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡುತ್ತವೆ, ಭಾಗಿಸಿದರೆ ಕಳೆಯುತ್ತವೆ, ವರ್ಗ ಮಾಡಿದರೆ ಇಮ್ಮಡಿಯಾಗುತ್ತವೆ. ಬಾದಾಲದ ಅರ್ಧಚ್ಛೇದ 32, ಏಕಟ್ಠಿಯದು 64. ಎರಡೂ ಕೂಡಿ 96. ಇಪ್ಪತ್ತು ಅಂಕಗಳ ರಾಶಿಯನ್ನು ಹತ್ತು ಅಂಕಗಳ ರಾಶಿಯಿಂದ ಗುಣಿಸುವ ಶ್ರಮವು ಅರುವತ್ತನಾಲ್ಕಕ್ಕೆ ಮೂವತ್ತೆರಡನ್ನು ಕೂಡುವಷ್ಟು ಸುಲಭವಾಯಿತು. ಯೂರೋಪಿನಲ್ಲಿ ನೇಪಿಯರ್ ಎಂಬ ಪಂಡಿತನು ಲಾಗರಿದಮ್ಮುಗಳ ಕೋಷ್ಟಕವನ್ನು ಪ್ರಕಟಿಸಿದುದು 1614ರಲ್ಲಿ. ಅವನ ಕೋಷ್ಟಕವು ಎಲ್ಲ ಸಂಖ್ಯೆಗಳಿಗೂ ಅನ್ವಯಿಸುವ ದೊಡ್ಡ ಸಾಧನೆ; ಅದನ್ನು ಕಿರಿದುಮಾಡುವ ಅಗತ್ಯ ನಮಗಿಲ್ಲ. ಆದರೆ ಗುಣಾಕಾರವನ್ನು ಸಂಕಲನವಾಗಿ ಮಾರ್ಪಡಿಸುವ ಮೂಲ ವಿಚಾರವು ಧವಲೆಯಲ್ಲಿ ಎಂಟುನೂರು ವರ್ಷಗಳಷ್ಟು ಮುಂಚೆಯೇ ಇದೆಯೆಂಬುದು ನಿರ್ವಿವಾದ.

ತೊಂಬತ್ತಾರು ಎಂಬ ಈ ಚಿಕ್ಕ ಸಂಖ್ಯೆ ಆ ದೊಡ್ಡ ರಾಶಿಯ ಬೀಗದ ಕೈ ಇದ್ದಂತೆ. ತೊಂಬತ್ತಾರನ್ನು ಎರಡರಿಂದ ಭಾಗಿಸಬಹುದಾದುದರಿಂದ ರಾಶಿಯು ಪೂರ್ಣವರ್ಗ; ಅದರ ವರ್ಗಮೂಲ 28,14,74,97,67,10,656. ಮೂರರಿಂದ ಭಾಗಿಸಬಹುದಾದುದರಿಂದ ಅದು ಪೂರ್ಣಘನ; ಘನಮೂಲ ಬಾದಾಲ. ಆರರಿಂದ ಭಾಗಿಸಬಹುದಾದುದರಿಂದ ಪಣ್ಣಟ್ಠಿಯನ್ನು ಆರು ಸಲ ಇಟ್ಟು ಗುಣಿಸಿದರೂ ಇದೇ ಬರುತ್ತದೆ. 256ನ್ನು ಹನ್ನೆರಡು ಸಲ, 16ನ್ನು ಇಪ್ಪತ್ತನಾಲ್ಕು ಸಲ ಇಟ್ಟು ಗುಣಿಸಿದರೂ ಇದೇ. ಎರಡರ ಗುಣಾಕಾರದಲ್ಲಿ ಕೊನೆಯ ಅಂಕವು 2, 4, 8, 6 ಎಂದು ನಾಲ್ಕು ಹೆಜ್ಜೆಗೊಮ್ಮೆ ಸುತ್ತುತ್ತದೆ. ತೊಂಬತ್ತಾರು ನಾಲ್ಕರಿಂದ ಭಾಗವಾಗುವುದರಿಂದ ರಾಶಿಯ ಕೊನೆಯ ಅಂಕ ಆರೇ ಆಗಬೇಕೆಂದು ಗುಣಿಸದೆಯೇ ಹೇಳಬಹುದು. ನೇಮಿಚಂದ್ರಾಚಾರ್ಯರು ಪರ್ಯಾಪ್ತ ಮನುಷ್ಯರಲ್ಲಿ ನಾಲ್ಕನೆಯ ಮೂರು ಪಾಲು ಸ್ತ್ರೀಯರೆಂದು ಹೇಳುತ್ತಾರೆ. ರಾಶಿಯು ಎರಡು ಸಲ ಅರ್ಧವಾಗಬಲ್ಲುದಾದುದರಿಂದ ಆ ವಿಭಾಗದಲ್ಲಿ ಒಂದು ಜೀವವೂ ತುಂಡಾಗುವುದಿಲ್ಲ.

ಮತ್ತೊಂದು ಗುಣ ಇನ್ನೂ ಕುತೂಹಲಕರ. ಈ ರಾಶಿಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು, ಒಂದು ಮತ್ತು ತಾನೂ ಸೇರಿ, 97 ಮಾತ್ರ: 1, 2, 4, 8, 16 ಎಂದು ಇಮ್ಮಡಿಯಾಗುತ್ತ ಹೋಗುವ ಸಾಲು. ಇವುಗಳಲ್ಲಿ ತನ್ನನ್ನು ಬಿಟ್ಟು ಉಳಿದ 96ನ್ನು ಕೂಡಿದರೆ ಬರುವ ಮೊತ್ತ ಈ ರಾಶಿಗಿಂತ ಸರಿಯಾಗಿ ಒಂದು ಮಾತ್ರ ಕಡಿಮೆ. ನಾಲ್ಕರಲ್ಲಿ ಪರೀಕ್ಷಿಸಿ ನೋಡಿ: ಒಂದು, ಎರಡು ಕೂಡಿ ಮೂರು. ಎಂಟರಲ್ಲಿ: ಒಂದು, ಎರಡು, ನಾಲ್ಕು ಕೂಡಿ ಏಳು. ಅದೇ ನಿಯಮ ಇಪ್ಪತ್ತೊಂಬತ್ತು ಅಂಕಗಳವರೆಗೂ ಕದಲದೆ ನಡೆಯುತ್ತದೆ.

ಈಗ ಒಂದು ತೊಡಕಿನ ವಿಷಯವನ್ನು ತಮ್ಮ ಮುಂದಿಡುತ್ತೇನೆ. ಮುಚ್ಚಿಡುವುದು ಸ್ವಾಧ್ಯಾಯಕ್ಕೆ ಉಚಿತವಲ್ಲ. ಷಟ್ಖಂಡಾಗಮದ ಸೂತ್ರವು ಪರ್ಯಾಪ್ತ ಮನುಷ್ಯರ ಪ್ರಮಾಣಕ್ಕೆ ಎಲ್ಲೆಗಳನ್ನು ಮಾತ್ರ ಹೇಳುತ್ತದೆ: ಕೋಡಾಕೋಡಾಕೋಡಿಯ ಮೇಲೆ, ಕೋಡಾಕೋಡಾಕೋಡಾಕೋಡಿಯ ಕೆಳಗೆ, ಆರನೆಯ ವರ್ಗದ ಮೇಲೆ, ಏಳನೆಯ ವರ್ಗದ ಕೆಳಗೆ. ಅರ್ಧಚ್ಛೇದದಿಂದ ನೋಡಿದರೆ ಆರನೆಯ ವರ್ಗಕ್ಕೆ 64, ಏಳನೆಯದಕ್ಕೆ 128. ನಮ್ಮ 96 ಇವೆರಡರ ಸರಿಮಧ್ಯದಲ್ಲಿ ನಿಲ್ಲುತ್ತದೆ. ಆದರೆ ಕೋಟಿಯನ್ನು ನಾಲ್ಕು ಸಲ ಇಟ್ಟು ಗುಣಿಸಿದರೆ ಒಂದರ ಮುಂದೆ 28 ಸೊನ್ನೆಗಳು; ಅದಕ್ಕೂ ಸ್ಥಾನಗಳು ಇಪ್ಪತ್ತೊಂಬತ್ತೇ ಆದರೂ ನಮ್ಮ ರಾಶಿ ಅದರ ಸುಮಾರು ಎಂಟು ಪಾಲು ದೊಡ್ಡದು. ಈ ತೊಡಕು ವೀರಸೇನಾಚಾರ್ಯರ ಗಮನಕ್ಕೆ ಬಾರದೆ ಇರಲಿಲ್ಲ. ಅವರು ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಲೆಕ್ಕಹಾಕಿ, ಇಷ್ಟು ರಾಶಿ ಅಲ್ಲಿ ಹಿಡಿಸೀತೇ ಎಂದು ಪರೀಕ್ಷೆಗೆ ತೊಡಗುತ್ತಾರೆ. ಆಚಾರ್ಯರೇ ಶಾಸ್ತ್ರವಾಕ್ಯವನ್ನು ಗಣಿತದ ಒರೆಗಲ್ಲಿಗೆ ಹಚ್ಚಿ ನೋಡಿರುವಾಗ ಲೆಕ್ಕ ಕೇಳುವುದು ಅಶ್ರದ್ಧೆಯೆಂದು ನಾವು ಏಕೆ ಭಾವಿಸಬೇಕು?

ಲೆಕ್ಕವೇನೋ ಸರಿ, ಓಲೆಗರಿಯಿಂದ ಓಲೆಗರಿಗೆ ಪ್ರತಿಯಾಗುವಾಗ ಇಪ್ಪತ್ತೊಂಬತ್ತು ಅಂಕಗಳಲ್ಲಿ ಒಂದಾದರೂ ಕೆಡದಂತೆ ಕಾಪಾಡಿದುದು ಹೇಗೆ? ಗೊಮ್ಮಟಸಾರದಲ್ಲಿ ಈ ರಾಶಿಯ ಅಂಕಗಳನ್ನು ಕಟಪಯಾದಿ ಸಂಕೇತದಿಂದ ಒಂದು ಗಾಥೆಯಲ್ಲಿ ಅಡಗಿಸಿಡಲಾಗಿದೆ. ಈ ಸಂಕೇತದಲ್ಲಿ ಕಕಾರದಿಂದ ಝಕಾರದವರೆಗೆ ಒಂದರಿಂದ ಒಂಬತ್ತು; ಟಕಾರದಿಂದ ಧಕಾರದವರೆಗೆ ಮತ್ತೆ ಒಂದರಿಂದ ಒಂಬತ್ತು; ಪಕಾರದಿಂದ ಮಕಾರದವರೆಗೆ ಒಂದರಿಂದ ಐದು; ಯಕಾರದಿಂದ ಹಕಾರದವರೆಗೆ ಒಂದರಿಂದ ಎಂಟು; ಞಕಾರ ನಕಾರಗಳು ಸೊನ್ನೆ. ಅಕ್ಷರಗಳಿಗೆ ಹತ್ತಿದ ಸ್ವರಗಳಿಗೆ ಬೆಲೆಯಿಲ್ಲ. ಅಂಕಗಳನ್ನು ಬಲಗಡೆಯಿಂದ ಎಡಗಡೆಗೆ ಇಡುತ್ತ ಹೋಗಬೇಕು. ಮೊದಲನೆಯ ಅಕ್ಷರ ತಕಾರ. ಅದು ಏಕಸ್ಥಾನದ ಆರು. ಇಪ್ಪತ್ತೊಂಬತ್ತನೆಯದು ಸಕಾರ, ಅದು ಕೊನೆಯ ಸ್ಥಾನದ ಏಳು. ಗಾಥೆ ಬಾಯಿಗೆ ಬಂದರೆ ಸಂಖ್ಯೆಯೂ ಬಾಯಿಗೆ ಬಂದಂತೆ.

ಆದರೂ ಲಿಪಿಕಾರನ ಕೈ ತಪ್ಪಬಹುದು. ಕನ್ನಡ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವುದು ಒಂದು ಸಣ್ಣ ಸೀಳಿನ ಅಂತರ. ಆ ಗಾಥೆಯಲ್ಲಿ ಧಕಾರ ಎರಡು ಕಡೆ ಬರುತ್ತದೆ. ಕಂಟವು ಆ ಸೀಳನ್ನು ಮರೆತರೆ ಒಂಬತ್ತು ಹೋಗಿ ಎಂಟು ಬರುತ್ತದೆ. ಹೀಗಾದುದನ್ನು ಕಂಡುಹಿಡಿಯಲು ಇಡೀ ಗುಣಾಕಾರವನ್ನು ಮತ್ತೆ ಮಾಡಬೇಕಾಗಿಲ್ಲ. ಒಂಬತ್ತರ ತಾಳೆ ಸಾಕು. ಬಾದಾಲದ ಅಂಕಗಳನ್ನು ಕೂಡಿ: 58. ಐದು, ಎಂಟು ಕೂಡಿ 13. ಒಂದು, ಮೂರು ಕೂಡಿ 4. ನಾಲ್ಕರ ಘನ 64, ಆರು, ನಾಲ್ಕು ಕೂಡಿ 10, ಕೊನೆಗೆ 1. ಆದುದರಿಂದ ನಮ್ಮ ರಾಶಿಯ ಅಂಕಗಳನ್ನು ಕೂಡಿದರೂ ಕೊನೆಗೆ ಒಂದೇ ಉಳಿಯಬೇಕು. ಕೂಡಿ ನೋಡಿ: ಮೊತ್ತ 127, ಒಂದು, ಎರಡು, ಏಳು ಕೂಡಿ 10, ಕೊನೆಗೆ 1. ತಾಳೆಯಾಯಿತು. ಧಕಾರವು ದಕಾರವಾಗಿದ್ದರೆ ಮೊತ್ತ 126 ಆಗಿ ಕೊನೆಗೆ 9 ಬರುತ್ತಿತ್ತು. ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಎರಡು ಅಕ್ಷರಗಳು ಹಿಂದುಮುಂದಾದರೆ ಒಂಬತ್ತರ ತಾಳೆಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಮೊತ್ತ ಬದಲಾಗುವುದಿಲ್ಲ. ಅದಕ್ಕೆ ಹನ್ನೊಂದರ ತಾಳೆ ಉಂಟು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಗಳನ್ನು ಕೂಡಿದರೆ 79; ಬಿಟ್ಟವುಗಳನ್ನು ಕೂಡಿದರೆ 48; ಅಂತರ 31; ಹನ್ನೊಂದರಿಂದ ಭಾಗಿಸಿದರೆ ಶೇಷ 9. ಬಾದಾಲವನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ 4; ಅದರ ಘನ 64ನ್ನು ಹನ್ನೊಂದರಿಂದ ಭಾಗಿಸಿದರೂ ಶೇಷ 9. ಇಲ್ಲಿಯೂ ತಾಳೆಯಾಯಿತು. ಈ ಲೆಕ್ಕಕ್ಕೆ ಯಂತ್ರ ಬೇಡ. ಕಾಗದವೂ ಪೆನ್ಸಿಲೂ ಹಿಡಿದ ಏಳನೆಯ ತರಗತಿಯ ಬಾಲಕಿ ಇದನ್ನು ಹತ್ತು ನಿಮಿಷಗಳಲ್ಲಿ ಮಾಡಬಲ್ಲಳು.

ಈ ರಾಶಿಯನ್ನು ಮುಂದಿನ ತಲೆಮಾರುಗಳಿಗೆ ಮುಟ್ಟಿಸಿದುದರಲ್ಲಿ ಕನ್ನಡದ ಪಾಲು ದೊಡ್ಡದು. ಕೇಶವಣ್ಣನು ಕ್ರಿ.ಶ. 1359ರಲ್ಲಿ ಗೊಮ್ಮಟಸಾರಕ್ಕೆ ಕನ್ನಡ ವೃತ್ತಿಯನ್ನು ಬರೆದು ಮುಗಿಸಿದನು. ಆ ಕನ್ನಡ ವೃತ್ತಿಯನ್ನು ಆಧರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಆ ಸಂಸ್ಕೃತ ಟೀಕೆಯ ನೆರವಿನಿಂದ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ನಾಡಿನ ಢುಂಢಾರಿ ಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ರಚಿಸಿದರು. ಧವಲೆಯ ಓಲೆಗರಿಗಳನ್ನು ಕಾಪಾಡಿದುದೂ ನಮ್ಮ ಮೂಡಬಿದಿರೆಯೇ. ಅದರ ಮೊದಲ ಸಂಪುಟ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಚ್ಚಾದ ಮೇಲೆಯೇ ಲೋಕದ ಗಣಿತಜ್ಞರ ಕಣ್ಣು ಇತ್ತ ಹರಿಯಿತು. ಉತ್ತರದವರು ಓದಿ ಲೆಕ್ಕಮಾಡಲು ನಾವು ಪೆಟ್ಟಿಗೆ ಕಾದವರು ಮಾತ್ರವಾಗಿ ಉಳಿಯಬಾರದು.

ಈ ಕಾಲದ ಒಂದು ಸ್ವಾರಸ್ಯವನ್ನೂ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್‌ನೆಟ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹಣಕಾಸಿನ ಲೆಕ್ಕಕ್ಕೆಂದು ಡೆಸಿಮಲ್ ಎಂಬ ಸಂಖ್ಯಾಪ್ರಕಾರವಿದೆ. ಅದು ಹಿಡಿಯಬಲ್ಲ ಅತ್ಯಂತ ದೊಡ್ಡ ಸಂಖ್ಯೆ 79,22,81,62,51,42,64,33,75,93,54,39,50,335. ನಮ್ಮ ರಾಶಿಗಿಂತ ಒಂದು ಕಡಿಮೆ! ಈಗ ತಾನೆ ಹೇಳಿದ, 96 ಭಾಜಕಗಳನ್ನು ಕೂಡಿದಾಗ ಬರುವ ಮೊತ್ತವೇ ಇದು. ಯಂತ್ರವು ಆ ಸಂಖ್ಯೆಗಾಗಿ 96 ಮನೆಗಳನ್ನು ಇಟ್ಟುಕೊಂಡಿದೆ. ಪ್ರತಿ ಮನೆಯಲ್ಲೂ ಸೊನ್ನೆ ಅಥವಾ ಒಂದು. ಸೊನ್ನೆಯಿಂದ ಹಿಡಿದು ಎಣಿಸಿದರೆ ಒಟ್ಟು ಬಗೆಗಳು ಸರಿಯಾಗಿ ನಮ್ಮ ರಾಶಿಯಷ್ಟು. ಇದನ್ನು ಕಂಡು ನಮ್ಮ ಆಚಾರ್ಯರಿಗೆ ಕಂಪ್ಯೂಟರ್ ತಿಳಿದಿತ್ತೆಂದು ಹೇಳಹೊರಟರೆ ಅದು ಅವರಿಗೆ ಗೌರವವಲ್ಲ. ಇಮ್ಮಡಿಸುತ್ತ ಹೋದವರೆಲ್ಲ ಒಂದೇ ಮೆಟ್ಟಿಲುಗಳನ್ನು ಹತ್ತುತ್ತಾರೆ. 96ನೆಯ ಮೆಟ್ಟಿಲಿನಲ್ಲಿ ಇಬ್ಬರೂ ಭೇಟಿಯಾದರು, ಅಷ್ಟೆ.

ಅಂತೆಯೇ ಮತ್ತೊಂದು ಎಚ್ಚರವೂ ಬೇಕು. ವಿಶ್ವಸಂಸ್ಥೆಯ ಲೆಕ್ಕದಂತೆ 2022ರ ನವೆಂಬರಿನಲ್ಲಿ ಭೂಮಿಯ ಜನಸಂಖ್ಯೆ 800 ಕೋಟಿಯಾಯಿತು. ನಮ್ಮ ರಾಶಿ ಅದರ ಸುಮಾರು 99 ಸಾವಿರ ಕೋಟಿಕೋಟಿ ಪಾಲು. ಶಾಸ್ತ್ರವು ಹೇಳುವುದು ನಲವತ್ತೈದು ಲಕ್ಷ ಯೋಜನ ವಿಸ್ತಾರದ ಮನುಷ್ಯಕ್ಷೇತ್ರದ ಮಾತು. ಜನಗಣತಿ ಹೇಳುವುದು ಈ ಭೂಮಿಯ ಮಾತು. ಒಂದರಿಂದ ಮತ್ತೊಂದನ್ನು ಸಾಧಿಸಲೂ ಬೇಡ, ಖಂಡಿಸಲೂ ಬೇಡ. ಬಾದಾಲದ ಘನ ಎಷ್ಟು ಎಂಬುದು ಮಾತ್ರ ಯಾರು ಲೆಕ್ಕ ಮಾಡಿದರೂ ಬದಲಾಗದ ಸತ್ಯ.

ಈ ರಾಶಿ ನಮ್ಮೆಲ್ಲರ ಮನೆಯೊಳಗೂ ಇದೆ ಎಂದರೆ ತಮಗೆ ಆಶ್ಚರ್ಯವಾದೀತು. ಪ್ರತಿಯೊಬ್ಬನಿಗೂ ತಂದೆತಾಯಿ ಇಬ್ಬರು; ಅಜ್ಜ ಅಜ್ಜಿಯರು ನಾಲ್ವರು; ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. ಹೀಗೆ ಇಮ್ಮಡಿಸುತ್ತ ಹಿಂದಕ್ಕೆ ಹೋದರೆ 96ನೆಯ ತಲೆಮಾರಿನಲ್ಲಿ ಹಿರಿಯರ ಸ್ಥಾನಗಳು ಸರಿಯಾಗಿ ಇದೇ ಇಪ್ಪತ್ತೊಂಬತ್ತು ಅಂಕಗಳಷ್ಟು. ತಲೆಮಾರಿಗೆ ಇಪ್ಪತ್ತೈದು ಇಪ್ಪತ್ತಾರು ವರ್ಷಗಳೆಂದು ಹಿಡಿದರೆ ಅದು ಹೆಚ್ಚುಕಡಿಮೆ ವರ್ಧಮಾನ ಸ್ವಾಮಿಯ ಕಾಲದ ಆಸುಪಾಸು. ಅಷ್ಟು ಮಂದಿ ಆಗ ಈ ನೆಲದ ಮೇಲೆ ಇದ್ದಿರಲಾರರು. ಹಾಗಾದರೆ ಲೆಕ್ಕ ಕೂಡುವುದು ಹೇಗೆ? ಒಬ್ಬರೇ ಅನೇಕ ಸ್ಥಾನಗಳಲ್ಲಿ ನಿಂತಿರಬೇಕು. ನನ್ನ ಹಿರಿಯರೂ ತಮ್ಮ ಹಿರಿಯರೂ ಮತ್ತೆ ಮತ್ತೆ ಒಬ್ಬರೇ ಆಗಿರಬೇಕು. ಕುಲಮದವೂ ಜಾತಿಮದವೂ ತೊರೆಯತಕ್ಕ ಮದಗಳೆಂದು ಆಚಾರ್ಯರು ಉಪದೇಶಿಸಿದುದನ್ನು ಇಮ್ಮಡಿಯ ಲೆಕ್ಕವೂ ತನ್ನ ಬಗೆಯಲ್ಲಿ ಸಮರ್ಥಿಸುತ್ತದೆ.

ಕೊನೆಯದಾಗಿ ಒಂದು ಮಾತು. ನಮ್ಮ ಸಿದ್ಧಾಂತವು ರಾಶಿಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಭಾಗಿಸುತ್ತದೆ. ನಿಗೋದ ಜೀವರು ಅನಂತ. ಇಷ್ಟು ದೊಡ್ಡದಾಗಿ ಕಂಡರೂ ಪರ್ಯಾಪ್ತ ಮನುಷ್ಯರ ಈ ರಾಶಿ ಸಂಖ್ಯಾತವೇ. 96 ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ಮುಗಿಯುವಂಥದು. ಅನಂತದ ಎದುರಿಗೆ ಇದು ಎಷ್ಟು ಅಲ್ಪ! ಮನುಷ್ಯಭವ ದುರ್ಲಭವೆಂದು ನಾವು ದಿನವೂ ಕೇಳುತ್ತೇವೆ. ಅದರ ಅರ್ಥ ಈ ಲೆಕ್ಕದಲ್ಲಿ ತೂಕಸಮೇತ ತಿಳಿಯುತ್ತದೆ.

ಬಂಧುಗಳೇ, ಶಿಲ್ಪಿಯು ಬಿಂಬವನ್ನು ನೂಲು ಹಿಡಿದು ಅಳೆದು, ಪ್ರಮಾಣ ಸರಿಯಾದುದನ್ನು ಕಂಡ ಮೇಲೆಯೇ ಪ್ರತಿಷ್ಠೆಗೆ ಒಪ್ಪಿಸುತ್ತಾನೆ. ಪೂರ್ವಾಚಾರ್ಯರು ಈ ರಾಶಿಯನ್ನೂ ಹಾಗೆಯೇ ಅಳತೆಯ ನೂಲಿನೊಡನೆ ನಮಗೆ ಒಪ್ಪಿಸಿದ್ದಾರೆ: ವರ್ಗದಿಂದ ಹುಟ್ಟುವ ಕ್ರಮ ಒಂದು, ಅರ್ಧಚ್ಛೇದ ಒಂದು, ಅಕ್ಷರಸಂಕೇತ ಒಂದು. ಆ ನೂಲನ್ನು ನಾವು ಕೈಗೆತ್ತಿಕೊಳ್ಳದಿದ್ದರೆ ನಮ್ಮ ಮಕ್ಕಳ ಪಾಲಿಗೆ ಇದು ಬೆರಗುಪಡುವ ಉದ್ದನೆಯ ಅಂಕಿಗಳ ಸಾಲಾಗಿ ಮಾತ್ರ ಉಳಿಯುತ್ತದೆ. ಬೆರಗು ಒಂದು ತಲೆಮಾರಿನೊಳಗೆ ಮರೆವಾಗುತ್ತದೆ. ಆದುದರಿಂದ ಈ ಬಸದಿಯ ಜಗಲಿಯಲ್ಲಿ ನಡೆಯಲಿರುವ ಮಕ್ಕಳ ಸ್ವಾಧ್ಯಾಯದಲ್ಲಿ ಒಂದು ದಿನವನ್ನು ಇದಕ್ಕಾಗಿ ಮೀಸಲಿಡಬೇಕೆಂದು ಪ್ರಾರ್ಥಿಸುತ್ತೇನೆ. ಮಕ್ಕಳು ಎರಡರಿಂದ ಆರಂಭಿಸಿ ಆರು ವರ್ಗಗಳನ್ನು ತಾವೇ ಮಾಡಲಿ. ಕೊನೆಯ ಗುಣಾಕಾರವನ್ನು ನಾಲ್ಕು ಮಂದಿ ಕೂಡಿ ಮಾಡಲಿ. ಒಂಬತ್ತರ ತಾಳೆಯನ್ನು ಅಜ್ಜಿಯರು ನೋಡಲಿ. ಇಪ್ಪತ್ತೊಂಬತ್ತು ಅಂಕಗಳೂ ಸರಿಬಂದ ದಿನ ಗೊಮ್ಮಟಸಾರದ ಆ ಪುಟವನ್ನು ಅವರ ಮುಂದೆ ತೆರೆಯೋಣ.